ಮಗುವಿನ ಮಾತು ಯಾವಾಗ ಶುರುವಾಗುತ್ತದೆ?



ಅಡಿಕೆ ಸಸಿ ನೆಟ್ಟವರಿಗೆ ಅದರ ಲೆಕ್ಕ ಬಾಯಿಪಾಠವಿರುತ್ತದೆ. ಯಾವ ಸಸಿ ಹೊಸ ಸೋಗೆ ಬಿಟ್ಟಿತು, ಯಾವುದರ ಎಲೆ ಹಳದಿ ತಿರುಗಿತು, ಯಾವುದು ವಯಸ್ಸಾದರೂ ಹಿಂಗಾರ ಬಿಡಲಿಲ್ಲ ಎಂದು ಕೇಳಿದರೆ ಕೂಡಲೇ ಹೇಳುತ್ತಾರೆ. ಒಂದೇ ದಿನ ನೆಟ್ಟ ಸಸಿಗಳಲ್ಲಿ ಒಂದು ಹಿಂದೆ ಬಿದ್ದರೆ ಬುಡ ಬಿಡಿಸಿ ನೋಡುತ್ತೇವೆ. ನೀರು ನಿಂತಿದೆಯೇ, ಬೇರಿಗೆ ಹುಳ ಹತ್ತಿದೆಯೇ ಎಂದು ಪರೀಕ್ಷಿಸುತ್ತೇವೆ. ಆದರೆ ನಮ್ಮ ಮನೆಯ ಮಗು ವರ್ಷ ಕಳೆದರೂ ಮಾತಿನ ಗುರುತು ತೋರಿಸದಿದ್ದರೆ ಏನೆನ್ನುತ್ತೇವೆ? “ಇರಲಿ, ಇವನ ಅಪ್ಪ ಮಾತಾಡಿದ್ದೂ ಮೂರು ವರ್ಷಕ್ಕೇ” ಎಂದು ಹೇಳಿ ಸುಮ್ಮನಾಗುತ್ತೇವೆ.

ಈ ಸಲದ ಪಾಠ ಈ ಒಂದು ಮಾತಿನ ಬಗ್ಗೆ. ಮಗುವಿನ ಮಾತು ಮೊದಲ ಶಬ್ದದಿಂದ ಶುರುವಾಗುವುದಲ್ಲ, ಅದಕ್ಕೆ ಬಹಳ ಮೊದಲೇ ಶುರುವಾಗಿರುತ್ತದೆ. ಆ ಗುರುತುಗಳನ್ನು ತಿಳಿದವರು ತೊಂದರೆಯನ್ನು ಮೊದಲ ವರ್ಷದೊಳಗೇ ಹಿಡಿಯಬಲ್ಲರು. ತಿಳಿಯದವರು ಕಾದು ಕಾದು ಕಾಲ ಕಳೆದುಕೊಳ್ಳುತ್ತಾರೆ.

ಒಂದು ಮನೆಯ ಸಂಗತಿ

ನಾನು ದಾದಿಯಾಗಿ ಕೆಲಸ ಮಾಡುತ್ತಿದ್ದಾಗ ನಡೆದದ್ದು. ನಮ್ಮ ವಾಳೆಯ ಒಂದು ಮನೆಯಲ್ಲಿ ಗಂಡು ಮಗು. ದುಂಡಗೆ ಬೆಳೆದಿತ್ತು, ಹಾಲು ಚೆನ್ನಾಗಿ ಕುಡಿಯುತ್ತಿತ್ತು, ಏಳನೆಯ ತಿಂಗಳಿಗೆ ಕುಳಿತುಕೊಂಡಿತ್ತು. ನಾಲ್ಕು ತಿಂಗಳಿನವರೆಗೆ “ಆ... ಊ...” ಎಂದು ಸ್ವರ ಹೊರಡಿಸುತ್ತಿತ್ತು. ಆಮೇಲೆ ಮೆಲ್ಲ ಮೆಲ್ಲನೆ ಸ್ವರ ಕಡಿಮೆಯಾಯಿತು. ಒಳ್ಳೆಯ ಮಗು, ಹಟವಿಲ್ಲ, ಸದ್ದಿಲ್ಲ ಎಂದು ಎಲ್ಲರೂ ಹೊಗಳಿದರು.

ಮಗುವಿಗೆ ಹತ್ತು ತಿಂಗಳಾದಾಗ ಒಂದು ಮಧ್ಯಾಹ್ನ ಅಜ್ಜಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಮಗು ಜಗಲಿಯಲ್ಲಿ ಅವರಿಗೆ ಬೆನ್ನು ಹಾಕಿ ಆಡುತ್ತಿತ್ತು. ಮನೆಯ ಪಕ್ಕದ ತೆಂಗಿನಿಂದ ಒಣಗಿದ ಮಡಲು ಶೆಡ್ಡಿನ ತಗಡಿನ ಮೇಲೆ ಬಿತ್ತು. ನಾಯಿ ಬೊಗಳಿತು, ಕೋಳಿಗಳು ಚದುರಿದವು, ಅಜ್ಜಿಯೇ ಬೆಚ್ಚಿಬಿದ್ದರು. ಮಗು ಮಾತ್ರ ತಲೆಯೆತ್ತಲಿಲ್ಲ.

ಮರುದಿನವೇ ಅಜ್ಜಿ ನನ್ನಲ್ಲಿಗೆ ಬಂದರು. “ಬಾಯಿ, ಅವನಿಗೆ ಕೇಳುವುದಿಲ್ಲ ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ಹೇಳಿದರೆ ನನಗೇ ಬೈಯುತ್ತಾರೆ” ಎಂದರು. ಮೊದಲು ತೋರಿಸಿದ ಕಡೆ, “ಗಂಡು ಮಕ್ಕಳು ತಡ, ಎರಡು ವರ್ಷ ಆಗಲಿ ನೋಡುವ” ಎಂದು ಹೇಳಿ ಕಳುಹಿಸಿದರು. ಅಜ್ಜಿ ಬಿಡಲಿಲ್ಲ. ಬೇರೆ ಕಡೆ ಶ್ರವಣ ಪರೀಕ್ಷೆ ಮಾಡಿಸುವಾಗ ಮಗುವಿಗೆ ಹದಿನಾಲ್ಕು ತಿಂಗಳು. ಎರಡೂ ಕಿವಿಗಳಲ್ಲಿ ತೀವ್ರವಾದ ಕಿವುಡುತನವಿತ್ತು. ಶ್ರವಣ ಯಂತ್ರ ಹಾಕಿದರು, ಬಳಿಕ ಶಸ್ತ್ರಚಿಕಿತ್ಸೆಯಾಯಿತು, ತಾಯಿ ವರ್ಷಗಟ್ಟಲೆ ತರಬೇತಿಗೆ ಕರೆದುಕೊಂಡು ಹೋದಳು. ಇಂದು ಆ ಹುಡುಗ ಶಾಲೆಗೆ ಹೋಗುತ್ತಾನೆ, ಅಜ್ಜಿಯೊಂದಿಗೆ ಕೊಂಕಣಿಯಲ್ಲಿ ಜಗಳವಾಡುತ್ತಾನೆ. ಆದರೂ ಅವನ ತಾಯಿ ಈಗಲೂ ಒಂದು ಮಾತು ಹೇಳುತ್ತಾಳೆ: “ಅವನು ಸುಮ್ಮನಾದ ದಿನವೇ ನಾವು ಕೇಳಬೇಕಿತ್ತು.”

ಆ ತಾಯಿಗೆ ತಿಳಿಯದೆ ಹೋದದ್ದು ಏನೆಂದು ಈಗ ನೋಡೋಣ.

ಹುಟ್ಟಿನಿಂದ ಎರಡು ವರ್ಷದವರೆಗೆ

ಗರ್ಭದೊಳಗಿನ ಶಿಶುವಿಗೆ ಕೊನೆಯ ತಿಂಗಳುಗಳಲ್ಲಿ ತಾಯಿಯ ಸ್ವರ ಕೇಳಿಸುತ್ತದೆ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು ಇದನ್ನು ಹುಟ್ಟಿ ಮೂರು ದಿನ ತುಂಬದ ಶಿಶುಗಳಲ್ಲಿ ಪರೀಕ್ಷಿಸಿದರು. ಶಿಶು ರಬ್ಬರಿನ ತೊಟ್ಟನ್ನು ಒಂದು ರೀತಿ ಚೀಪಿದರೆ ತನ್ನ ತಾಯಿಯ ಧ್ವನಿ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ಧ್ವನಿ ಕೇಳಿಸುವಂತೆ ಏರ್ಪಾಡು ಮಾಡಿದ್ದರು. ಶಿಶುಗಳು ತಾಯಿಯ ಧ್ವನಿ ಬರುವಂತೆ ಚೀಪುವುದನ್ನು ಕಲಿತವು. ಆದ್ದರಿಂದ ಹಸುಗೂಸಿಗೆ ಏನು ತಿಳಿಯುತ್ತದೆ ಎಂದು ಹೇಳಬೇಡಿ.

ಮುಂದಿನ ಹೆಜ್ಜೆಗಳು ಸಾಮಾನ್ಯವಾಗಿ ಹೀಗಿರುತ್ತವೆ:

1. ಮೊದಲ ತಿಂಗಳು: ದೊಡ್ಡ ಸದ್ದಿಗೆ ಬೆಚ್ಚುತ್ತದೆ. ಅಳುವಾಗ ಪರಿಚಿತ ಸ್ವರ ಕೇಳಿದರೆ ಸ್ವಲ್ಪ ತಣಿಯುತ್ತದೆ. ಹತ್ತಿರದ ಮುಖವನ್ನು ನೋಡುತ್ತದೆ.

2. ಎರಡು ತಿಂಗಳು: ನಿಮ್ಮ ಮುಖ ನೋಡಿ ನಗುತ್ತದೆ. ನಿದ್ದೆಯಲ್ಲಿ ನಗುವುದು ಬೇರೆ, ಇದು ನಿಮಗಾಗಿ ನಗುವ ನಗು. “ಆ”, “ಊ” ಎಂಬ ಸ್ವರಗಳು ಹೊರಡುತ್ತವೆ.

3. ನಾಲ್ಕು ತಿಂಗಳು: ಸ್ವರ ಬಂದ ಕಡೆಗೆ ತಲೆ ತಿರುಗಿಸುತ್ತದೆ. ನೀವು ಮಾತಾಡಿ ನಿಲ್ಲಿಸಿದರೆ ಅದು ತನ್ನ ಸರದಿಯಂತೆ ಸ್ವರ ಹೊರಡಿಸುತ್ತದೆ.

4. ಆರರಿಂದ ಒಂಬತ್ತು ತಿಂಗಳು: “ಬಬಬ”, “ದದದ”, “ಮಮಮ” ಎಂದು ಅಕ್ಷರಗಳನ್ನು ಪೋಣಿಸುತ್ತದೆ. ಇದಕ್ಕೆ ತೊದಲು ಎನ್ನುತ್ತೇವೆ. ಹೆಸರು ಕರೆದರೆ ತಿರುಗಿ ನೋಡುತ್ತದೆ. ಗುರುತಿಲ್ಲದವರನ್ನು ಕಂಡರೆ ಅಂಜುತ್ತದೆ.

5. ಒಂಬತ್ತರಿಂದ ಹನ್ನೆರಡು ತಿಂಗಳು: ಎತ್ತಿಕೊಳ್ಳಲು ಕೈ ಚಾಚುತ್ತದೆ, ಟಾಟಾ ಮಾಡುತ್ತದೆ. “ಬೇಡ” ಎಂದರೆ ಒಂದು ಕ್ಷಣ ನಿಲ್ಲುತ್ತದೆ. ವರ್ಷದ ಸುಮಾರಿಗೆ ಒಂದೆರಡು ಅರ್ಥವುಳ್ಳ ಶಬ್ದಗಳು ಬರುತ್ತವೆ.

6. ಹನ್ನೆರಡರಿಂದ ಹದಿನೆಂಟು ತಿಂಗಳು: ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆ. ಕಾಗೆಯನ್ನೋ ಕರುವನ್ನೋ ತೋರಿಸಿ ನೀವು ನೋಡಿದಿರೋ ಎಂದು ನಿಮ್ಮ ಮುಖ ನೋಡುತ್ತದೆ. “ಚೆಂಡು ಕೊಡು” ಎಂದರೆ ಕೊಡುತ್ತದೆ.

7. ಎರಡು ವರ್ಷ: “ಅಮ್ಮ ಬಾ”, “ನೀರು ಬೇಕು” ಎಂದು ಎರಡು ಶಬ್ದಗಳನ್ನು ಜೋಡಿಸುತ್ತದೆ.

ಇಲ್ಲಿ ಮೂರು ಸೂಚನೆಗಳಿವೆ. ಮೊದಲನೆಯದು, ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಕೆಲಸ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆರೋಗ್ಯವಂತ ಮಕ್ಕಳು ಆಧಾರವಿಲ್ಲದೆ ಕುಳಿತುಕೊಳ್ಳುವುದು ಸುಮಾರು 4ರಿಂದ 9 ತಿಂಗಳೊಳಗೆ, ತಾವಾಗಿ ನಡೆಯುವುದು ಸುಮಾರು 8ರಿಂದ 18 ತಿಂಗಳೊಳಗೆ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ನಡೆಯುತ್ತವೆ. ಪಕ್ಕದ ಮನೆಯ ಮಗು ಒಂದು ತಿಂಗಳು ಮುಂದಿದೆ ಎಂದು ಹೆದರಬೇಕಿಲ್ಲ.

ಎರಡನೆಯದು, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಯಾಗಬೇಕಿದ್ದ ದಿನದಿಂದ ಎಣಿಸಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ ಮಗು ಆರನೆಯ ತಿಂಗಳಲ್ಲಿ ನಾಲ್ಕು ತಿಂಗಳಿನ ಕೆಲಸ ಮಾಡಿದರೆ ಸಾಕು. ಎರಡು ವರ್ಷದವರೆಗೆ ಹೀಗೆ ಎಣಿಸುತ್ತಾರೆ.

ಮೂರನೆಯದು ಬಹಳ ಮುಖ್ಯ. ಮೈ ಬೆಳೆಯುವುದೂ ಮಾತು ಬೆಳೆಯುವುದೂ ಒಂದೇ ಅಲ್ಲ. ಕಿವಿ ಕೇಳದ ಬಹಳಷ್ಟು ಮಕ್ಕಳು ಹೊತ್ತಿಗೆ ಸರಿಯಾಗಿ ಕುಳಿತುಕೊಳ್ಳುತ್ತವೆ, ನಡೆಯುತ್ತವೆ, ನಗುತ್ತವೆ. ಆದ್ದರಿಂದ ತೂಕ ಸರಿಯಿದೆ, ನಡೆದಾಡುತ್ತದೆ ಎಂಬ ಕಾರಣಕ್ಕೆ ಮಾತಿನ ಬಗ್ಗೆ ನಿಶ್ಚಿಂತೆಯಿಂದ ಇರಬಾರದು.

ಕೇಳದ ಮಗು ಮೊದಲು ಸ್ವರ ಹೊರಡಿಸುವುದೇಕೆ?

ಹೆಚ್ಚಿನ ಮನೆಯವರು ಮೋಸ ಹೋಗುವುದು ಇಲ್ಲಿಯೇ. ಮೊದಲ ತಿಂಗಳುಗಳ “ಆ, ಊ” ಮಗುವಿಗೆ ತಾನಾಗಿ ಬರುತ್ತದೆ, ಅದಕ್ಕೆ ಕಿವಿ ಬೇಕಾಗಿಲ್ಲ. ಕಿವುಡು ಮಗುವೂ ಅಳುತ್ತದೆ, ನಗುತ್ತದೆ, ಸ್ವರ ಹೊರಡಿಸುತ್ತದೆ. ಆದರೆ ಆರು ತಿಂಗಳ ನಂತರದ “ಬಬಬ” ತೊದಲಿಗೆ ಕಿವಿ ಬೇಕು. ಮಗು ನಮ್ಮ ಮಾತನ್ನು ಕೇಳಿ, ತನ್ನ ಸ್ವರವನ್ನೂ ಕೇಳಿ, ತಿದ್ದಿ ತಿದ್ದಿ ಅದನ್ನು ಕಲಿಯುತ್ತದೆ. ಕೇಳದ ಮಗುವಿಗೆ ಆ ತೊದಲು ಬಹಳ ತಡವಾಗಿ ಬರುತ್ತದೆ, ಅಥವಾ ಇದ್ದ ಸ್ವರವೂ ನಿಂತುಹೋಗುತ್ತದೆ. ಮೇಲೆ ಹೇಳಿದ ಮಗು ಒಳ್ಳೆಯ ಸ್ವಭಾವದಿಂದ ಸುಮ್ಮನಾದದ್ದಲ್ಲ. ಕೇಳಿಸದ ಕಾರಣ ಸುಮ್ಮನಾದದ್ದು.

ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು ಒಂದರಿಂದ ಮೂರಕ್ಕೆ ಗಣನೀಯವಾದ ಶ್ರವಣ ದೋಷವಿರುತ್ತದೆ. ಗರ್ಭಿಣಿಗೆ ರುಬೆಲ್ಲಾ ತಗಲುವುದು, ತಿಂಗಳು ತುಂಬದ ಹೆರಿಗೆ, ತೀವ್ರ ಕಾಮಾಲೆ, ಮಿದುಳು ಪೊರೆಯ ಸೋಂಕು, ವಂಶದಲ್ಲಿ ಕಿವುಡುತನ, ಇವುಗಳಿಂದ ಅಪಾಯ ಹೆಚ್ಚು. ಯಾವ ಕಾರಣವೂ ಕಾಣದೆ ಬರುವುದೂ ಉಂಟು. ಆದ್ದರಿಂದ ತಾಯಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು, ಯಾರದೋ ಶಾಪ ತಗಲಿತು ಎಂಬ ಮಾತುಗಳಿಗೆ ಆಧಾರವಿಲ್ಲ. ಬಾಣಂತಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಬೇಗ ಹಿಡಿಯಬೇಕು ಎನ್ನುವುದಕ್ಕೂ ಕಾರಣವಿದೆ. ಮಿದುಳಿನಲ್ಲಿ ಮಾತಿನ ದಾರಿಗಳು ತೆರೆದುಕೊಳ್ಳುವುದು ಮೊದಲ ವರ್ಷಗಳಲ್ಲಿ. ಅಮೆರಿಕದ ಕೊಲೊರಾಡೊ ರಾಜ್ಯದ ಮಕ್ಕಳ ಬಗ್ಗೆ 1998ರಲ್ಲಿ ಪ್ರಕಟವಾದ ಅಧ್ಯಯನವು, ಆರು ತಿಂಗಳೊಳಗೆ ದೋಷ ಗುರುತಿಸಿ ನೆರವು ಪಡೆದ ಮಕ್ಕಳ ಭಾಷೆ ತಡವಾಗಿ ಗುರುತಿಸಿದ ಮಕ್ಕಳಿಗಿಂತ ಬಹಳ ಉತ್ತಮವೆಂದು ತೋರಿಸಿತು. ಹಾಗಾಗಿ ವೈದ್ಯರು ಒಂದು, ಮೂರು, ಆರು ಎಂಬ ಲೆಕ್ಕ ಇಟ್ಟಿದ್ದಾರೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ. ಈ ಮೂರು ಅಂಕಿಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಮನೆಯಲ್ಲಿ ನಾಲ್ಕು ಭಾಷೆ ಇದ್ದರೆ?

ನಮ್ಮ ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎನ್ನುತ್ತಾರೆ. ಮನೆಯಲ್ಲಿ ಕೊಂಕಣಿ, ತೋಟದ ಕೆಲಸದವರೊಂದಿಗೆ ತುಳು, ಓದು ಬರಹಕ್ಕೆ ಕನ್ನಡ, ಅಂಗನವಾಡಿಯಲ್ಲಿ ಮತ್ತು ಬಸ್ಸಿನಲ್ಲಿ ಮಲಯಾಳ. “ಇಷ್ಟು ಭಾಷೆ ಕೇಳಿ ಮಗುವಿಗೆ ಗಲಿಬಿಲಿಯಾಗಿದೆ, ಅದಕ್ಕೇ ಮಾತು ಬಂದಿಲ್ಲ” ಎಂದು ಅನೇಕರು ಹೇಳುತ್ತಾರೆ.

ಇದು ಸರಿಯಲ್ಲ. ಹಲವು ಭಾಷೆ ಕೇಳುವುದರಿಂದ ಮಾತಿನ ದೋಷ ಬರುವುದಿಲ್ಲ. ಕೆನಡಾ ದೇಶದ ವರ್ಕರ್ ಮತ್ತು ಟೀಸ್ ಎಂಬವರು 1984ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ನೆನಪಿಡತಕ್ಕದ್ದು. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ದೊಡ್ಡವರಿಗೆ ಹಿಂದಿಯ “ತ” ಮತ್ತು “ಟ”ಗಳ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಆದರೆ ಆರರಿಂದ ಎಂಟು ತಿಂಗಳಿನ ಇಂಗ್ಲಿಷ್ ಮನೆಯ ಶಿಶುಗಳು ಅದನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹಳ ಕುಗ್ಗಿತ್ತು. ಅಂದರೆ ಶಿಶುವಿನ ಕಿವಿ ಎಲ್ಲ ಭಾಷೆಗಳಿಗೂ ತೆರೆದಿರುತ್ತದೆ. ಯಾವುದನ್ನು ನಿತ್ಯ ಕೇಳುತ್ತದೋ ಅದನ್ನು ಉಳಿಸಿಕೊಳ್ಳುತ್ತದೆ.

ಆದ್ದರಿಂದ ನಿಮಗೆ ಹೃದಯದಿಂದ ಬರುವ ಭಾಷೆಯಲ್ಲಿಯೇ ಮಗುವಿನೊಂದಿಗೆ ಮಾತಾಡಿ. ಶಬ್ದಗಳನ್ನು ಎಣಿಸುವಾಗ ಎಲ್ಲ ಭಾಷೆಗಳದ್ದನ್ನೂ ಸೇರಿಸಿ ಎಣಿಸಿ. ನೀರಿಗೆ ಕೊಂಕಣಿಯಲ್ಲಿ “ಉದಕ್”, ಹಾಲಿಗೆ ಕನ್ನಡದಲ್ಲಿ “ಹಾಲು” ಎಂದರೆ ಎರಡು ಶಬ್ದ ಬಂತೆಂದೇ ಲೆಕ್ಕ. ಹಾಗೆ ಎಣಿಸಿದರೂ ಕಡಿಮೆಯಿದ್ದರೆ ಭಾಷೆಗಳನ್ನು ದೂರದೆ ಕಿವಿ ಪರೀಕ್ಷೆ ಮಾಡಿಸಿ.

ಕೆಲವು ತಪ್ಪು ತಿಳುವಳಿಕೆಗಳು

ಬಜೆ ಮತ್ತು ಜೇನು: ಬಜೆ ತೇದು ಜೇನಿನಲ್ಲಿ ನೆಕ್ಕಿಸಿದರೆ ಮಾತು ಬೇಗ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಬಜೆಯಿಂದ ಮಾತು ಬರುವುದಿಲ್ಲ. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಹಸುಗೂಸಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ದುರ್ಬಲಗೊಳಿಸುವ ವಿಷವನ್ನು ಉಂಟುಮಾಡಬಲ್ಲದು.

ಕಿವಿಗೆ ಎಣ್ಣೆ: ಎಣ್ಣೆ ಬಿಡುವುದರಿಂದ ಶ್ರವಣ ಸುಧಾರಿಸುವುದಿಲ್ಲ. ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡದೆ ವೈದ್ಯರಿಗೆ ತೋರಿಸಿ.

ನಾಲಿಗೆ ದಪ್ಪ: ನಾಲಿಗೆಯ ಅಡಿಯ ಪೊರೆ ಬಿಗಿಯಾಗಿದ್ದರೆ ಹಾಲು ಕುಡಿಯಲು ತೊಂದರೆಯಾಗಬಹುದು. ಮಾತೇ ಬಾರದಿರುವುದಕ್ಕೆ ಅದು ಕಾರಣವಾಗುವುದಿಲ್ಲ. ಕಿವಿ ಪರೀಕ್ಷಿಸದೆ ನಾಲಿಗೆ ಕೊಯ್ಸಬೇಡಿ.

ತಟ್ಟೆ ಬಡಿದು ನೋಡುವುದು: ತಟ್ಟೆ ಬಡಿದಾಗ ಮಗು ತಿರುಗಿದರೆ ಕಿವಿ ಸರಿಯಿದೆ ಎನ್ನಲಾಗದು. ಕೈಯಾಡಿದ ನೆರಳು ಅಥವಾ ನೆಲದ ಅದುರು ತಿಳಿದು ತಿರುಗಿರಬಹುದು. ದೊಡ್ಡ ಸದ್ದು ಕೇಳಿದರೂ ಮಾತು ಕೇಳದ ಮಕ್ಕಳಿದ್ದಾರೆ.

ಮನೆಯವರು ಮಾಡಬೇಕಾದದ್ದು

ಇದಕ್ಕೆ ದುಡ್ಡು ಬೇಡ, ದಿನದ ಕೆಲಸವನ್ನು ನಿಲ್ಲಿಸಬೇಕಾಗಿಯೂ ಇಲ್ಲ.

ಸ್ನಾನ ಮಾಡಿಸುವಾಗ, ಹಾಲೂಡಿಸುವಾಗ ಮಾಡುತ್ತಿರುವ ಕೆಲಸವನ್ನೇ ಹೇಳಿ: “ಈಗ ಕೈ ತೊಳೆಯುವ, ಈಗ ಕಾಲು ತೊಳೆಯುವ.” ಒಂದು ಮಾತು ಹೇಳಿ ನಿಲ್ಲಿಸಿ, ಮಗುವಿನ ಮುಖ ನೋಡಿ. ಅದು ಸ್ವರ ಹೊರಡಿಸಿದರೆ ಅದಕ್ಕೆ ಉತ್ತರ ಕೊಡಿ. ಮಾತೆಂದರೆ ಸರದಿ ಎಂಬುದನ್ನು ಮಗು ಹೀಗೆ ಕಲಿಯುತ್ತದೆ. ಅದು ಬೆರಳು ತೋರಿಸಿದ ಕಡೆ ನೀವೂ ನೋಡಿ, ಆ ವಸ್ತುವಿನ ಹೆಸರು ಹೇಳಿ. ಹಟ್ಟಿಯ ದನ, ಬಾವಿಯ ರಾಟೆ, ಅಂಗಳದ ಅಡಿಕೆ ಎಲ್ಲವೂ ಪಾಠವೇ. ಲಾಲಿ ಹಾಡಿ, ಕೈತಟ್ಟಿ ಆಡಿಸಿ. ತಂದೆಯೂ ಆಡಿಸಬೇಕು. ತೋಟಕ್ಕೆ ಮದ್ದು ಬಿಟ್ಟು ಬಂದವರು ಮಾತ್ರ ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ.

ಅಳು ನಿಲ್ಲಿಸಲು, ಊಟ ಮಾಡಿಸಲು ಮೊಬೈಲ್ ಕೊಡುವ ರೂಢಿ ಈಗ ಹಳ್ಳಿಮನೆಗಳಿಗೂ ಬಂದಿದೆ. ವರ್ಷ ತುಂಬದ ಮಗುವಿಗೆ ಪರದೆ ತೋರಿಸಲೇಬಾರದೆಂದೂ, ಎರಡು ವರ್ಷದ ಬಳಿಕವೂ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮೊಬೈಲ್ ಮಾತಾಡುತ್ತದೆ, ಆದರೆ ಮಗುವಿನ ಸ್ವರಕ್ಕೆ ಉತ್ತರ ಕೊಡುವುದಿಲ್ಲ.

ಯಾವಾಗ ತೋರಿಸಬೇಕು?

ಕೆಳಗಿನ ಯಾವುದಾದರೂ ಒಂದು ಕಂಡರೂ ಕಾಯಬೇಡಿ:

- ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ದೊಡ್ಡ ಸದ್ದಿಗೆ ಬೆಚ್ಚದಿದ್ದರೆ.
- ಆರು ತಿಂಗಳಾದರೂ ಸ್ವರ ಬಂದ ಕಡೆ ತಿರುಗದಿದ್ದರೆ.
- ಒಂಬತ್ತು ತಿಂಗಳಾದರೂ ತೊದಲದಿದ್ದರೆ, ಹೆಸರು ಕರೆದಾಗ ನೋಡದಿದ್ದರೆ.
- ವರ್ಷವಾದರೂ ಕೈಸನ್ನೆ ಮಾಡದಿದ್ದರೆ.
- ಹದಿನೆಂಟು ತಿಂಗಳಾದರೂ ಬೆರಳು ಮಾಡಿ ತೋರಿಸದಿದ್ದರೆ, ಒಂದೂ ಶಬ್ದ ಬಾರದಿದ್ದರೆ.
- ಎರಡು ವರ್ಷವಾದರೂ ಎರಡು ಶಬ್ದ ಜೋಡಿಸದಿದ್ದರೆ.
- ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಸ್ವರ, ಮಾತು ಅಥವಾ ನೋಟ ನಿಂತುಹೋದರೆ.

ಇವೆಲ್ಲ ಕಿವುಡುತನದಿಂದಲೇ ಬರುತ್ತವೆ ಎಂದಲ್ಲ. ಆಟಿಸಂ ಅಥವಾ ಬೇರೆ ಬೆಳವಣಿಗೆಯ ತೊಂದರೆಯೂ ಇರಬಹುದು. ಏನೂ ಇಲ್ಲದೆಯೂ ಇರಬಹುದು. ಆದರೆ ಮೊದಲು ಕಿವಿ ಪರೀಕ್ಷೆ ಆಗಬೇಕು. ಕಿವಿ ಸರಿಯಿದ್ದರೆ ಉಳಿದುದನ್ನು ಹುಡುಕುವುದು ಸುಲಭ.

ಎಲ್ಲಿ ತೋರಿಸಬೇಕು?

ಶಿಶುವಿನ ಕಿವಿಯಲ್ಲಿ ಸಣ್ಣ ಬಿರಡೆಯಂಥದನ್ನು ಇಟ್ಟು ಮೆಲ್ಲನೆ ಸದ್ದು ಕೊಟ್ಟು ಪರೀಕ್ಷಿಸುವ ವಿಧಾನಕ್ಕೆ ಓ.ಎ.ಇ. ಎನ್ನುತ್ತಾರೆ. ಮಗು ಮಲಗಿರುವಾಗಲೇ ಮಾಡಬಹುದು, ನೋವಿಲ್ಲ. ಹುಟ್ಟಿದ ಒಂದೆರಡು ದಿನಗಳಲ್ಲಿ ಕಿವಿಯಲ್ಲಿ ದ್ರವವಿದ್ದರೆ ತಪ್ಪು ಫಲಿತಾಂಶ ಬರಬಹುದು. ಮತ್ತೊಮ್ಮೆ ಬನ್ನಿ ಎಂದರೆ ತಪ್ಪದೆ ಹೋಗಿ. ಆಗಲೂ ಸಂದೇಹವಿದ್ದರೆ ಬೆರಾ ಎಂಬ ಪರೀಕ್ಷೆ ಮಾಡುತ್ತಾರೆ. ಹೆರಿಗೆಯಾಗಿ ಮನೆಗೆ ಹೊರಡುವಾಗ “ಮಗುವಿನ ಕಿವಿ ಪರೀಕ್ಷೆ ಆಗಿದೆಯೇ? ಚೀಟಿ ಎಲ್ಲಿದೆ?” ಎಂದು ಕೇಳುವುದು ನಿಮ್ಮ ಹಕ್ಕು.

ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ದೋಷಗಳನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಅಂಗನವಾಡಿ ಶಿಕ್ಷಕಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಕೇಳದ ಪುಟ್ಟ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಕೇರಳ ಸರ್ಕಾರದ ಶ್ರುತಿತರಂಗಂ ಯೋಜನೆಯಿದೆ. ಇದಕ್ಕೆ ವಯಸ್ಸಿನ ಮಿತಿ ಇರುವುದರಿಂದ ತಡ ಮಾಡಿದರೆ ಅವಕಾಶ ತಪ್ಪುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಅಲ್ಲಿ ಪರೀಕ್ಷೆ, ಶ್ರವಣ ಯಂತ್ರ, ಮಾತಿನ ತರಬೇತಿ ದೊರೆಯುತ್ತವೆ, ಕನ್ನಡದಲ್ಲಿ ಮಾತಾಡಬಹುದು. ವಯನಾಡು, ತಾಳವಾಡಿ, ನೀಲಗಿರಿಯ ಕಡೆಯ ನಮ್ಮವರಿಗೂ ಮೈಸೂರು ದೂರವಲ್ಲ.

ಒಂದು ಎಚ್ಚರಿಕೆ. ಯಂತ್ರ ಹಾಕಿದ ಕೂಡಲೇ ಮಗು ಮಾತಾಡುವುದಿಲ್ಲ. ಅಂದಿನಿಂದ ಅದು ಕೇಳಲು ಕಲಿಯುತ್ತದೆ. ಸಸಿ ನೆಟ್ಟ ಮೇಲೆ ನೀರು ಹಾಕುವ ಕೆಲಸ ಇರುವಂತೆ, ತರಬೇತಿ ಮತ್ತು ಮನೆಯ ಅಭ್ಯಾಸ ವರ್ಷಗಟ್ಟಲೆ ಬೇಕು.

ಮನೆಯಲ್ಲಿ ಮತ್ತು ವಾಳೆಯ ಕೂಟದಲ್ಲಿ ಚರ್ಚಿಸಲು

1. ನಮ್ಮ ವಾಳೆಯಲ್ಲಿ ಎರಡು ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ? ಎಷ್ಟು ಮಕ್ಕಳ ಕಿವಿ ಪರೀಕ್ಷೆಯಾಗಿದೆ?
2. ಮಗುವಿನ ಬಗ್ಗೆ ಅಜ್ಜಿ ಅಥವಾ ತಾಯಿ ಸಂದೇಹ ಹೇಳಿದಾಗ ನಮ್ಮ ಮನೆಯಲ್ಲಿ ಕೇಳುತ್ತೇವೆಯೇ, ಬಾಯಿ ಮುಚ್ಚಿಸುತ್ತೇವೆಯೇ?
3. ದೂರದ ಆಸ್ಪತ್ರೆಗೆ ಹೋಗಬೇಕಾದ ತಾಯಿಯ ಮನೆಗೆಲಸ, ಹಟ್ಟಿಯ ಕೆಲಸಕ್ಕೆ ನೆರೆಯವರು ಹೇಗೆ ನೆರವಾಗಬಹುದು?

ಮುಂದಿನ ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಾಗ ಯಾರದಾದರೂ ಕೈಯಲ್ಲಿ ಕೂಸಿದ್ದರೆ ಬರಿದೆ ಕೆನ್ನೆ ಹಿಂಡಿ ಹೋಗಬೇಡಿ. ಒಂದು ನಿಮಿಷ ನಿಂತು ಅದರೊಂದಿಗೆ ಮಾತಾಡಿ. ಅದು ಉತ್ತರ ಕೊಡುತ್ತದೆಯೇ ಎಂದು ನೋಡಿ. ಕೊಡದಿದ್ದರೆ ತಾಯಿಯನ್ನು ಬದಿಗೆ ಕರೆದು ಮೆಲ್ಲನೆ ಕೇಳಿ: “ಕಿವಿ ಪರೀಕ್ಷೆ ಮಾಡಿಸಿದ್ದೀಯಾ ಮಗಳೇ?”